ಮಣಿಕಟ್ಟಿನ ಅಳತೆ

ನನ್ನ ಬಲಗೈ ಕೆಟ್ಟಿದ್ದು ಕಂಪ್ಯೂಟರಿನಿಂದ. ಇದನ್ನು ಯಾರಿಗೆ ಹೇಳಿದರೂ ಆಗ ನಗುತ್ತಿದ್ದರು. ಕಲ್ಲು ಹೊತ್ತು ಕೈ ಕೆಟ್ಟಿತು ಅಂದರೆ ನಂಬುತ್ತಾರೆ, ಹತ್ತಿ ಬಿಡಿಸಿ ಕೆಟ್ಟಿತು ಅಂದರೂ ನಂಬುತ್ತಾರೆ. ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತು, ಸೋಪಿನ ಡಬ್ಬಿಯಷ್ಟಿರುವ ಒಂದು ಪ್ಲಾಸ್ಟಿಕ್ ವಸ್ತುವನ್ನು ಅತ್ತ ಇತ್ತ ಸರಿಸಿ ಕೈ ಕೆಟ್ಟಿತು ಅಂದರೆ ಯಾರು ನಂಬಬೇಕು? ನಮ್ಮ ಕಚೇರಿಯ ಸಿಪಾಯಿಯಂತೂ ಮೌಸನ್ನು ಇಲಿ ಎಂದೇ ಕರೆಯುತ್ತಿದ್ದ. ನಾನು ಕೈ ಒತ್ತಿಕೊಳ್ಳುವುದನ್ನು ಕಂಡಾಗೆಲ್ಲ ಇಲಿ ಕಡಿಯಿತೇನ್ರಿ ಅಂತ ಕೇಳುತ್ತಿದ್ದ. ಮೊದಮೊದಲು ನಾನೂ ನಕ್ಕೆ. ಒಂದು ದಿನ ತಲೆಕೆಟ್ಟು ಸರಿಯಾಗಿ ಬೈದೆ. ಅಲ್ಲಿಂದ ಅವನು ಕೇಳುವುದನ್ನೇ ಬಿಟ್ಟ. ಕೇಳುವವನು ಅವನೊಬ್ಬನೇ ಇದ್ದ ಎಂಬುದು ನನಗೆ ಹೊಳೆದದ್ದು ಬಹಳ ದಿನದ ಮೇಲೆ.

ಶಹಾಪುರದ ಹತ್ತಿರ, ಕಾಲುವೆ ಕೆಲಸಕ್ಕೆಂದೇ ಕಟ್ಟಿದ ಕಾಲೊನಿಯಲ್ಲಿ ನಮ್ಮ ಕಚೇರಿ ಇತ್ತು. ನಾನು ಅಲ್ಲಿ ಟ್ರೇಸರ್. ಇಂಜಿನಿಯರರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ, ಆಚೆಯದು ಕಾಣುವಂಥ ಬಟ್ಟೆ ಹಾಸಿ, ಕಪ್ಪು ಶಾಯಿಯಲ್ಲಿ ಗೆರೆಯ ಮೇಲೆ ಗೆರೆ ತಿದ್ದುವುದು ನನ್ನ ಕೆಲಸ. ಕಾಲುವೆ, ಅದರ ಉಪಕಾಲುವೆ, ಅಲ್ಲಿಂದ ಹೊಲಕ್ಕೆ ನೀರು ಬಿಡುವ ತೂಬು, ಎಲ್ಲವೂ ನೆಲದ ಮೇಲೆ ಬರುವ ಮೊದಲು ನನ್ನ ಮೇಜಿನ ಮೇಲೆ ಬರುತ್ತಿದ್ದವು. ಅದರ ಬಗ್ಗೆ ನನಗೆ ಜಂಬ ಇತ್ತು, ಸುಳ್ಳೇಕೆ ಹೇಳಲಿ. ನೀರು ಹರಿಯತೊಡಗಿದ ಮೇಲೆ ಕಟ್ಟುವ ಕೆಲಸ ಮುಗಿಯುತ್ತ ಬಂತು, ಜನ ಒಬ್ಬೊಬ್ಬರೇ ವರ್ಗವಾಗಿ ಹೋದರು. ನಮ್ಮ ಸಾಲಿನ ಹನ್ನೆರಡು ಮನೆಗಳಲ್ಲಿ ಮೂರರಲ್ಲಿ ಮಾತ್ರ ಜನ ಉಳಿದರು. ಅವ್ವ ಇರುವತನಕ ನನಗೆ ಅದು ಗೊತ್ತೇ ಆಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಆ ಮೂರರಲ್ಲಿ ಒಂದು ಮನೆ ನಾನೊಬ್ಬಳೇ ಆದೆ. ಮದುವೆ ಏಕಾಗಲಿಲ್ಲ ಎಂದು ಇಲ್ಲಿ ಹೇಳಲು ಹೋಗುವುದಿಲ್ಲ, ಅದು ಬೇರೆಯದೇ ಪುರಾಣ.

ಆಗ ಕಂಪ್ಯೂಟರ್ ಬಂತು. ಇನ್ನು ಮುಂದೆ ಬಟ್ಟೆಯ ಮೇಲೆ ನಕ್ಷೆ ಇಲ್ಲ, ಕಂಪ್ಯೂಟರ್ ಕಲಿತ ಟ್ರೇಸರುಗಳನ್ನು ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ಸಾಹೇಬರು ಕರೆದು ಹೇಳಿದರು. ನಾನು ಹಟಕ್ಕೆ ಬಿದ್ದು ಎರಡೇ ತಿಂಗಳಲ್ಲಿ ಕಲಿತೆ. ಆಮೇಲೆ ಶುರುವಾಯಿತು ನೋಡಿ. ಹಳೆಯ ಗ್ರಾಮನಕ್ಷೆಗಳನ್ನು ಪರದೆಯ ಮೇಲೆ ತಂದು, ಒಂದೊಂದು ಹೊಲದ ಬದುವನ್ನೂ ಮೂಲೆ ಮೂಲೆಗೆ ಒತ್ತುತ್ತ ಹೋಗಬೇಕು. ಒಂದು ಮೂಲೆಗೆ ಒಂದು ಒತ್ತು. ನಮ್ಮ ಕಡೆಯ ಹೊಲಗಳು ನೆಟ್ಟಗೆ ನಾಲ್ಕು ಮೂಲೆ ಇರುವಂಥವಲ್ಲ. ಹಳ್ಳ ಸೊಟ್ಟಗೆ ಹೋದಲ್ಲಿ ಹೊಲವೂ ಸೊಟ್ಟಗೆ ಹೋಗುತ್ತದೆ. ಶಿರವಾಳದಿಂದ ಹಿಡಿದು ಬೋನಾಳದ ತನಕ ಎಷ್ಟು ಊರು, ಎಷ್ಟು ಹೊಲ, ಎಷ್ಟು ಮೂಲೆ! ಬೆಳಗಿನಿಂದ ಸಂಜೆಯವರೆಗೆ ಅಂಗೈ ಕೆಳಗೆ ಮಾಡಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ತೋರುಬೆರಳಿನಿಂದ ಒತ್ತಿದ್ದೇ ಒತ್ತಿದ್ದು.

ಎರಡನೆಯ ವರ್ಷಕ್ಕೆ ಕೈ ಮಾತಾಡತೊಡಗಿತು. ಮೊದಲು ಹೆಬ್ಬೆರಳ ಬುಡದಲ್ಲಿ ಚಳುಕು, ಆಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಉರಿ. ಮೂರು ಬೆರಳು ಜುಮುಜುಮು ಅಂದು, ನನ್ನವೇ ಅಲ್ಲವೇನೋ ಅನ್ನುವಂತಾದವು. ಜಡೆ ಹೆಣೆಯಲು ಆಗದೆ ಕೂದಲನ್ನು ರಬ್ಬರ್ ಹಾಕಿ ಹಿಂದೆ ಕಟ್ಟತೊಡಗಿದೆ. ರೊಟ್ಟಿ ಬಡಿಯುವುದು ನಿಂತಿತು. ನಮ್ಮ ಕಡೆ ಮನೆಯಲ್ಲಿ ಹೆಣ್ಣುಮಗಳು ಇದ್ದಾಳೆ ಅಂತ ಗೊತ್ತಾಗುವುದೇ ರೊಟ್ಟಿ ಬಡಿಯುವ ಸದ್ದಿನಿಂದ. ನನ್ನ ಮನೆಯಲ್ಲಿ ಆ ಸದ್ದು ನಿಂತು ವಾರವಾಯಿತು, ತಿಂಗಳಾಯಿತು, ಏನವ್ವಾ ಯಾಕೆ ಅಂತ ಯಾರೂ ಬಂದು ಕೇಳಲಿಲ್ಲ. ನಾನು ಅನ್ನ ಮಾಡಿ ತಿಂದು ಮಲಗುತ್ತಿದ್ದೆ.

ಶಹಾಪುರದ ಡಾಕ್ಟರು ನೋಡಿ, ಕೈಗೆ ವಿಶ್ರಾಂತಿ ಕೊಡಿ, ಮನೆಗೆಲಸ ಯಾರ ಕೈಯಲ್ಲಾದರೂ ಮಾಡಿಸಿ ಎಂದರು. ಆಯ್ತು ಅಂದು ಬಂದೆ. ಯಾರ ಕೈಯಲ್ಲಿ ಮಾಡಿಸಲಿ? ಆ ಮನೆಯಲ್ಲಿ ಇದ್ದದ್ದು ಎರಡೇ ಕೈ, ಎರಡೂ ನನ್ನವೇ. ಈ ಬಲಗೈ ಹೋದರೆ ನೌಕರಿ ಹೋಗುತ್ತಿತ್ತು, ಅದು ಸರಿ. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರ ಬಾಗಿಲಿಗೆ ಹೋಗಿ ನನಗೊಂದು ಜಡೆ ಹಾಕಿ, ನಾಲ್ಕು ರೊಟ್ಟಿ ಬಡಿದು ಕೊಡಿ ಅಂತ ಕೇಳುವ ಗತಿ ಬರುತ್ತಿತ್ತು. ಅದು ನನ್ನಿಂದ ಆಗುವ ಮಾತಲ್ಲ. ಯಾರನ್ನೂ ಏನೂ ಕೇಳದೆ ಬದುಕಿದ್ದೇನೆ ಅನ್ನುವುದೊಂದೇ ಆಗ ನನ್ನ ಆಸ್ತಿಯಾಗಿತ್ತು.

ಹಾಗಾಗಿ ಎಡಗೈ ಕಲಿತೆ. ಮೌಸನ್ನು ಆ ಕಡೆಗೆ ಇಟ್ಟುಕೊಂಡು ಹದಿನೈದು ದಿನ ಹೊಲಗಳನ್ನೆಲ್ಲ ಸೊಟ್ಟಪಟ್ಟ ಬರೆದೆ, ಅಳಿಸಿದೆ, ಬರೆದೆ. ತಿಂಗಳಿಗೆ ಕೈ ಕೂತಿತು. ಅಬ್ಬಾ, ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಬೋನಾಳ ಕಡೆಯ ರೈತನೊಬ್ಬ ಬಂದ. ಅವನ ಹೊಲ ನೀರು ಹರಿಯುವ ಕ್ಷೇತ್ರದೊಳಗೆ ಬರುತ್ತದೋ ಇಲ್ಲವೋ ಅಂತ ನೋಡಬೇಕಿತ್ತು. ಸ್ಟೂಲ್ ಕೊಟ್ಟು ಪಕ್ಕದಲ್ಲಿ ಕೂರಿಸಿದೆ, ಪರದೆಯ ಮೇಲೆ ಅವನ ಹೊಲದ ಬದು ಎಳೆಯತೊಡಗಿದೆ. ಅವನು ಪರದೆ ನೋಡುವುದನ್ನು ಬಿಟ್ಟು ನನ್ನ ಕೈ ನೋಡಿದ. ಎದ್ದು ನಿಂತ. ವಯಸ್ಸಾದವನು, ಜೋರಾಗಿ ಮಾತಾಡುವ ಜಾಯಮಾನವೂ ಅಲ್ಲ.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನನ್ನ ಹೊಲ ಎಡಗೈಲೆ ಬರಿಬ್ಯಾಡ್ರಿ" ಅಂದ.

ನನಗೆ ಮೈಯೆಲ್ಲ ಉರಿಯಿತು. ಬಲಗೈ ನೋಯುತ್ತದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಕಂಪ್ಯೂಟರಿಗೆ ಎಡ ಬಲ ಇಲ್ಲ ಅಂತ ಗದರಿಸಿದೆ. ಅವನು ತಲೆ ತಗ್ಗಿಸಿಕೊಂಡು ಸಾಹೇಬರ ಕೋಣೆಗೆ ಹೋದ. ಮರುವಾರ ಮತ್ತಿಬ್ಬರು ಬಂದು ಅದನ್ನೇ ಕೇಳಿದರು. ಬಿತ್ತಿಗೆಗೆ ಮೊದಲ ಹಿಡಿ ಬಲಗೈಯಲ್ಲೇ ಹಾಕುವ ಜನ, ಹೊಲದ ಗುರುತನ್ನು ಎಡಗೈಯಲ್ಲಿ ಹಾಕಿಸಿಕೊಂಡಾರೇ? ನನ್ನ ಅವ್ವನೇ ಇದ್ದಿದ್ದರೂ ಒಪ್ಪುತ್ತಿರಲಿಲ್ಲ. ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಜನ ಬಂದಾಗಲಾದರೂ ಬಲಗೈ ಬಳಸಿ ಅಂದರು. ಜನ ದಿನವೂ ಬರುತ್ತಿದ್ದರು.

ಮತ್ತೆ ಬಲಗೈಗೆ ಬಂದೆ, ಮತ್ತೆ ಉರಿ. ಆ ದಿನಗಳಲ್ಲೇ ಒಮ್ಮೆ ನಕ್ಷೆಗಳನ್ನು ಸುರಪುರದ ತಾಲೂಕು ಕಚೇರಿಗೆ ಮುಟ್ಟಿಸಿ ಬರುವ ಕೆಲಸ ಬಿತ್ತು. ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಬಾಗಿಲ ಬಳಿಯ ನೆಟ್ಟನೆಯ ಕಂಬಿ ಹಿಡಿದು ನಿಂತೆ. ಆಗಿನ ಆ ರಸ್ತೆ ದೇವರಿಗೇ ಪ್ರೀತಿ. ಸುರಪುರ ಇಳಿಯುವ ಹೊತ್ತಿಗೆ ನನಗೆ ಒಂದು ಸಂಗತಿ ಹೊಳೆಯಿತು: ಅಷ್ಟು ದೂರ ಬಲಗೈಯಲ್ಲೇ ಜೋಲಿ ತಡೆದು ಬಂದಿದ್ದೇನೆ, ಕೈ ನೋಯಲಿಲ್ಲ. ಸ್ಟ್ಯಾಂಡಿನಲ್ಲಿ ನಿಂತು ಕೈಯನ್ನು ತಿರುಗಿಸಿ ನೋಡಿದೆ. ಅಂಗೈ ಕೆಳಗೆ ಮಾಡಿದರೆ ಮೊಣಕೈವರೆಗೆ ಎಳೆಯುತ್ತದೆ. ಅಂಗೈಯನ್ನು ಒಳಮುಖವಾಗಿ ನಿಲ್ಲಿಸಿದರೆ, ಕಂಬಿ ಹಿಡಿದ ಹಾಗೆ, ಎಳೆತವೇ ಇಲ್ಲ. ನಡೆಯುವವರು ನನ್ನನ್ನು ನೋಡಿಕೊಂಡು ಹೋದರು. ನೋಡಲಿ ಅಂತ ಹತ್ತು ಸಲ ತಿರುಗಿಸಿದೆ.

ಹಾಗಾದರೆ ಮೌಸು ಮಲಗಿರಬಾರದು, ನಿಂತಿರಬೇಕು. ಇಷ್ಟು ಸಣ್ಣ ಮಾತು ಅದನ್ನು ಮಾಡಿದವರಿಗೆ ಹೊಳೆಯಲಿಲ್ಲವೇ ಅಂತ ಅವರ ಮೇಲೆ ಸಿಟ್ಟು ಬಂತು. ನೇಗಿಲು ಹೊಡೆಯುವವನ ಕೈ ನೋಡಿದ್ದರೆ ಸಾಕಿತ್ತು. ಅವನು ಇಡೀ ದಿನ ಹಿಡಿಯುವ ಮೇಳಿ, ಅಂದರೆ ಆ ನೇಗಿಲಿನ ಹಿಡಿಕೆ, ನೆಟ್ಟಗೇ ಇರುತ್ತದೆ. ಅಡ್ಡಡ್ಡ ಇದ್ದಿದ್ದರೆ ಯಾರು ಉಳುತ್ತಿದ್ದರು? ತಾಲೂಕು ಕಚೇರಿಯ ಕೆಲಸ ಮುಗಿಸಿ, ಮೇಳಿ ಮಾಡುವ ಬಡಗಿ ಯಾರಿದ್ದಾರೆ ಎಂದು ಕೇಳುತ್ತ ಹೊರಟೆ. ಒಂದು ಓಣಿಯ ಕೊನೆಯ ಮನೆ ತೋರಿಸಿದರು.

ಬಡಗಿ ಅಂಗಳದಲ್ಲಿ ಬಾಚಿ ಹಿಡಿದು ಕೂತಿದ್ದ. ಕಾಲುವೆ ನೀರು ಬಂದು ಟ್ರ್ಯಾಕ್ಟರು ಹೆಚ್ಚಿದ ಮೇಲೆ ಮೇಳಿ ಕೇಳುವವರು ಕಡಿಮೆಯಾಗಿದ್ದಾರೆ ಅಂತ ತಾನಾಗಿಯೇ ಹೇಳಿದ. ತಾಲೂಕು ಕಚೇರಿಯ ಮೂಲೆಯಲ್ಲಿ ಎಸೆದಿದ್ದ ಒಂದು ಕೆಟ್ಟ ಮೌಸನ್ನು ಎತ್ತಿಕೊಂಡು ಬಂದಿದ್ದೆ, ಅದನ್ನು ಚೀಲದಿಂದ ತೆಗೆದು, ಇದರ ಮೇಲೆ ನೆಟ್ಟಗಿನ ಹಿಡಿಕೆ ಕೂರಿಸಬೇಕು ಅಂದೆ. ಅವನು ಅದನ್ನು ಮಗುಚಿ, ಹೊಟ್ಟೆಯೊಳಗಿನ ರಬ್ಬರ್ ಗುಂಡು ಉರುಳಿಸಿ ನೋಡಿ, ಆಗತದ ಅಂದ. ಹಿಡಿಯುವವರು ಯಾರು ಅಂತ ಕೇಳಿದ. ನಾನೇ ಅಂದಾಗ ಮಾತ್ರ ಸ್ವಲ್ಪ ತಡವರಿಸಿದ. ಮೇಳಿಯನ್ನು ಉಳುವವನ ಕೈ ಅಳತೆಗೇ ಮಾಡುವುದು ರೂಢಿ. ಅವನ ಕೈ ಹಿಡಿದು, ಬೆರಳು ಸುತ್ತಿಸಿ, ಎಲ್ಲೆಲ್ಲಿ ಒತ್ತುತ್ತದೆ ನೋಡಿ ಕೆತ್ತುತ್ತಾರೆ. ಪರಹೆಂಗಸಿನ ಕೈ ಹೇಗೆ ಹಿಡಿಯಬೇಕು? ಅದಕ್ಕೆ ಅವನು, ಏನಾದರೂ ಮೆತ್ತಗಿನದರ ಮೇಲೆ ಹಿಡಿ ಒತ್ತಿಕೊಂಡು ಬನ್ನಿ ಅಂದ.

ನನ್ನ ಮನೆಯಲ್ಲಿ ಮೆತ್ತಗಿನದು ಅಂದರೆ ಹಿಟ್ಟು. ಹಿಟ್ಟು ಅಂದರೆ ಜೋಳದ್ದು, ಮತ್ತೊಂದು ಹಿಟ್ಟು ಲೋಕದಲ್ಲಿದೆ ಅನ್ನುವುದೇ ನನಗೆ ನೆನಪಾಗಲಿಲ್ಲ. ರೊಟ್ಟಿಗೆ ನಾದಿದ ಹಾಗೆ ಬಿಸಿನೀರು ಹಾಕಿ ನಾದಿ, ಉದ್ದ ಮಾಡಿ ನಿಲ್ಲಿಸಿ, ಗಟ್ಟಿಯಾಗಿ ಹಿಡಿದು ಬಿಟ್ಟೆ. ಐದು ಬೆರಳೂ ಚಂದ ಮೂಡಿದವು. ಜೋಳದ ಹಿಟ್ಟು ಒಣಗಿದರೆ ಬಿರಿಯುತ್ತದೆ ಎಂಬುದು ಹುಟ್ಟಿದಾಗಿನಿಂದ ರೊಟ್ಟಿ ತಿಂದವಳಿಗೆ ಗೊತ್ತಿರಬೇಕಿತ್ತು. ಡಬ್ಬಿಯಲ್ಲಿಟ್ಟು ಮುಚ್ಚಿದ್ದನ್ನು ಭಾನುವಾರ ತೆರೆದು ನೋಡದೆಯೇ ಅವನ ಕೈಗಿಟ್ಟು ಬಂದೆ.

ಮುಂದಿನ ಭಾನುವಾರ ಹೋದಾಗ ಹಿಡಿಕೆ ಸಿದ್ಧವಾಗಿತ್ತು. ಜಾಲಿ ಕಟ್ಟಿಗೆಯದು, ಕೆಂಪು ಕಂದು ಬಣ್ಣ, ನುಣ್ಣಗೆ ಹೊಳೆಯುತ್ತಿತ್ತು. ಹಿಡಿದೆ. ಕಿರುಬೆರಳು ಎಲ್ಲಿಡಬೇಕೋ ತಿಳಿಯಲಿಲ್ಲ. ಎಣಿಸಿ ನೋಡಿದರೆ ಹೆಬ್ಬೆರಳಿನದೂ ಸೇರಿ ಬೆರಳಿನ ಗುಣಿ ಆರು. ಹಿಟ್ಟು ಬಿರಿದ ಸೀಳೊಂದನ್ನು ಅವನು ಬೆರಳೆಂದೇ ತಿಳಿದು, ಅದನ್ನೂ ಅಷ್ಟೇ ಶ್ರದ್ಧೆಯಿಂದ ಕೆತ್ತಿದ್ದ. ನಾನು ಬೆಪ್ಪಾಗಿ ನೋಡಿದೆ. ಅವನು ಓರೆಗಣ್ಣಿನಲ್ಲಿ ನನ್ನ ಕೈ ಎಣಿಸುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು, ಮೊಳಕೈ ಗಟ್ಟಿ, ಬಾಯೂ ಗಟ್ಟಿ. ಒಂದು ಮಾತು ಕೇಳಬಾರದಿತ್ತೇನು ಅಂತ ಗಂಡನನ್ನು ಜಾಡಿಸಿದಳು.

"ಹೆಣ್ಮಗಳಿಗೆ ನಿಮಗ ಆರು ಬೆರಳ ಅದಾವೇನ್ರಿ ಅಂತ ಹ್ಯಾಂಗ ಕೇಳಲಿ?" ಅಂದ ಅವನು. ಮರ್ಯಾದೆಯ ಮನುಷ್ಯ. ಒಂದು ವಾರ ಆ ಪ್ರಶ್ನೆಯನ್ನು ನುಂಗಿಕೊಂಡು, ಆರನೆಯ ಬೆರಳಿಗೂ ಜಾಗ ಮಾಡಿ ಕೊಟ್ಟಿದ್ದ. ಮೂವರೂ ನಕ್ಕೆವು. ನಾನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೆಂದರೆ, ನಗು ನಿಲ್ಲಿಸಲು ಗೊತ್ತಾಗದೆ ಕೆಮ್ಮು ಬಂತು.

ಆಕೆ ನನ್ನ ಎದುರು ಕೂತು ತನ್ನ ಬಲಗೈ ಚಾಚಿದಳು. ಗಾಜಿನ ಬಳೆಗಳನ್ನು ಮೊಳಕೈ ಕಡೆಗೆ ಸರಿಸಿಕೊಂಡಳು.

"ನನ್ನ ಕೈ ಹಿಡೀರಿ ಅಕ್ಕಾರ. ನಿಮಗ ಹ್ಯಾಂಗ ಹಗುರ ಅನಸ್ತದ ಹಂಗ ಹಿಡೀರಿ."

ನಾನು ಆಕೆಯ ಮಣಿಕಟ್ಟು ಹಿಡಿದೆ. ಆಕೆ ತನ್ನ ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದೇ ಎತ್ತಿ, ಸರಿಸಿ, ಇಲ್ಲಿ ನೋಯುತ್ತದೋ ಇಲ್ಲಿ ಹಗುರವೋ ಅಂತ ಕೇಳಿ, ಸರಿಬಂದಲ್ಲಿ ಇದ್ದಿಲಿನಿಂದ ತನ್ನ ಚರ್ಮದ ಮೇಲೆ ಗುರುತು ಹಾಕಿಕೊಂಡಳು. ಆಕೆಯ ಕೈ ಬೆಚ್ಚಗಿತ್ತು. ಆಸ್ಪತ್ರೆಯಲ್ಲಿ ಅವ್ವ ಹಿಡಿದುಕೊಂಡಿದ್ದೇ ಕೊನೆ, ಆಮೇಲೆ ಯಾರೂ ನನ್ನ ಕೈ ಮುಟ್ಟಿರಲಿಲ್ಲ. ನಾನು ಅದನ್ನು ಲೆಕ್ಕ ಇಟ್ಟಿರಲಿಲ್ಲ, ಕೈ ಇಟ್ಟಿತ್ತು. ಕಣ್ಣಲ್ಲಿ ನೀರು ದಳದಳ ಇಳಿಯತೊಡಗಿತು. ಭಾರಿ ನೋವೇನ್ರಿ ಅಂತ ಆಕೆ ಕೇಳಿದಳು. ಹೌದು ಅಂದೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಕೈಯಲ್ಲಿ ನೋವೇ ಇರಲಿಲ್ಲ.

ಗಂಡ ಆಮೇಲೆ ದಾರ ತಂದು ಹೆಂಡತಿಯ ಮಣಿಕಟ್ಟಿನ ಸುತ್ತಳತೆ ತೆಗೆದುಕೊಂಡ, ಇದ್ದಿಲಿನ ಗುರುತುಗಳನ್ನು ಕಟ್ಟಿಗೆಗೆ ಇಳಿಸಿಕೊಂಡ. ನನ್ನ ಕೈ ಮುಟ್ಟುವ ಪ್ರಮೇಯವೇ ಅವನಿಗೆ ಬರಲಿಲ್ಲ. ಹೀಗೆ ನನ್ನ ಹಿಡಿಕೆಯ ದಪ್ಪ ಅಂದರೆ ಆಕೆಯ ಮಣಿಕಟ್ಟಿನ ದಪ್ಪ.

ಯಾದಗಿರಿಯ ಸ್ಟೇಷನ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಿತ್ತು. ಅಲ್ಲಿಗೆ ಹೋಗಿ, ಒಂದು ಒಳ್ಳೆಯ ಮೌಸಿನ ಮೇಲಿನ ಚಿಪ್ಪು ತೆಗೆಸಿ, ಕೆಳಗಿನ ಅರ್ಧದ ಮೇಲೆ ಹಿಡಿಕೆ ಕೂರಿಸಿ, ಒತ್ತುವ ಎರಡು ಗುಂಡಿಗಳನ್ನು ವೈರಿನಿಂದ ಹಿಡಿಕೆಯ ಪಕ್ಕಕ್ಕೆ ತರಿಸಿದೆ. ಅಂಗಡಿಯವನು, ಇದೇನ್ರಿ ಮೇಡಂ ಬೀಸುಕಲ್ಲಿನ ಗೂಟ ತಂದೀರಿ ಅಂತ ತಮಾಷೆ ಮಾಡಿದ. ಬೀಸುಕಲ್ಲಿನ ಗೂಟ ಎಷ್ಟು ಹೆಂಗಸರ ಕೈ ಕೆಡಿಸಿದೆ ಹೇಳಪ್ಪಾ ಅಂದೆ. ಸುಮ್ಮನೆ ಬೆಸುಗೆ ಹಾಕಿಕೊಟ್ಟ.

ಕಚೇರಿಯಲ್ಲಿ ಹಚ್ಚಿ ನೋಡಿದರೆ ಎಡವಟ್ಟು. ಹಿಡಿಯಲು ಹಿತವಾಗಿತ್ತು, ಆದರೆ ಗುಂಡಿ ಒತ್ತಿದೊಡನೆ ಇಡೀ ಹಿಡಿಕೆ ಪಕ್ಕಕ್ಕೆ ಜಾರುತ್ತಿತ್ತು. ಒಬ್ಬರ ಹೊಲದ ಮೂಲೆ ಇನ್ನೊಬ್ಬರ ಹೊಲದಲ್ಲಿ ಹೋಗಿ ಬೀಳುತ್ತಿತ್ತು. ಹೀಗೆ ಬಿಟ್ಟರೆ ತಾಲೂಕಿನಲ್ಲಿ ಹೊಡೆದಾಟವೇ ಆಗುತ್ತದೆ ಎಂದು ಸಾಹೇಬರು ನಕ್ಕರು. ನನಗೆ ಅಳು ಬರುವಂತಿತ್ತು. ನಾಲ್ಕು ದಿನ ಯೋಚಿಸಿದೆ. ಉಳುವವನು ಮೇಳಿಯನ್ನು ಪಕ್ಕಕ್ಕೆ ತಳ್ಳುವುದಿಲ್ಲ, ಮೇಲಿನಿಂದ ಅದುಮುತ್ತಾನೆ, ಆಗಲೇ ಅದು ನೆಲ ಕಚ್ಚುವುದು. ಗುಂಡಿಯನ್ನು ಹಿಡಿಕೆಯ ನೆತ್ತಿಗೆ ತಂದು ಹೆಬ್ಬೆರಳಿಂದ ಒತ್ತಿದರೆ? ಮತ್ತೆ ಸುರಪುರ, ನೆತ್ತಿ ಸ್ವಲ್ಪ ಸಪಾಟು ಮಾಡಿಸಿದೆ. ಮತ್ತೆ ಯಾದಗಿರಿ, ಮತ್ತೆ ಬೆಸುಗೆ. ಈ ಸಲ ಒತ್ತಿದರೆ ಹಿಡಿಕೆ ಮೇಜಿಗೆ ಕೂತುಕೊಳ್ಳುತ್ತಿತ್ತು, ಕದಲುತ್ತಿರಲಿಲ್ಲ. ಕುರ್ಚಿ ಬಿಟ್ಟೆದ್ದು ಸಿಪಾಯಿಯನ್ನು ಕರೆದು ತೋರಿಸಿದೆ. ಯಾರಿಗಾದರೂ ತೋರಿಸಬೇಕಿತ್ತು.

ಕೈ ಒಂದೇ ಸಲಕ್ಕೆ ಸುಧಾರಿಸಲಿಲ್ಲ. ಮೊದಲು ಉರಿ ಹೋಯಿತು, ಆಮೇಲೆ ಜುಮುಜುಮು. ಮಳೆಗಾಲ ಮುಗಿಯುವಷ್ಟರಲ್ಲಿ ಜಡೆ ಹಾಕಿಕೊಂಡೆ. ದೀಪಾವಳಿಯ ಹೊತ್ತಿಗೆ ರೊಟ್ಟಿ ಬಡಿದೆ, ಬೇಕಂತಲೇ ಜೋರಾಗಿ ಬಡಿದೆ. ಬಂದ ರೈತರಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ. ಮೇಳಿ ಹಿಡಿದಂತೆ ಹಿಡಿಯುತ್ತೀರಲ್ಲ ಎಂದು ಒಬ್ಬಿಬ್ಬರು ಖುಷಿಪಟ್ಟರು. ನೌಕರಿ ಉಳಿಯಿತು, ಕೈ ಉಳಿಯಿತು. ನಾನು ಗೆದ್ದಿದ್ದೆ, ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಅಲ್ಲಿಗೆ ಸುರಪುರದ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದು ಭಾನುವಾರ, ಹಿಡಿಕೆ ಬಹಳ ನುಣುಪಾಗಿ ಜಾರುತ್ತಿದೆ ಎಂದು ಹೇಳಿಕೊಂಡು ಹೋದೆ. ಇನ್ನೊಂದು ಭಾನುವಾರ, ಚಳಿಗೆ ಕಟ್ಟಿಗೆ ಕುಗ್ಗಿದೆ ಎಂದು ಹೋದೆ. ಮತ್ತೊಂದು ಸಲ ಏನು ಹೇಳಿದೆನೋ ನೆನಪಿಲ್ಲ, ಏನೋ ಒಂದು. ಹೋದಾಗಲೆಲ್ಲ ಆಕೆ ಎದುರು ಕೂತು ಬಳೆ ಸರಿಸಿ ಕೈ ಚಾಚುತ್ತಿದ್ದಳು. ನಾನು ಹಿಡಿಯುತ್ತಿದ್ದೆ. ಆಕೆ ನನ್ನ ಬೆರಳುಗಳನ್ನು ಎತ್ತಿ ಸರಿಸಿ ನೋಡುತ್ತ ತನ್ನ ಸೊಂಟನೋವು, ಓಣಿಯ ನಲ್ಲಿಯ ಜಗಳ, ಮಗಳ ಅತ್ತೆಯ ಬಾಯಿ ಎಲ್ಲ ಹೇಳುತ್ತಿದ್ದಳು. ಅರ್ಧ ತಾಸು. ಆ ಅರ್ಧ ತಾಸಿಗಾಗಿ ನಾನು ಸೋಮವಾರದಿಂದ ಕಾಯುತ್ತಿದ್ದೆ. ಇದನ್ನು ಆಗ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಹಿಡಿಕೆ ಸರಿಮಾಡಿಸುವುದಕ್ಕೆ ಹೋಗುತ್ತಿದ್ದೇನೆ ಎಂದೇ ನಂಬಿದ್ದೆ. ಎಷ್ಟು ನಂಬಿದ್ದೆನೆಂದರೆ, ಹೇಳಲು ಏನೂ ಉಳಿಯದ ಒಂದು ಶನಿವಾರ ಬ್ಲೇಡ್ ತೆಗೆದುಕೊಂಡು ಕಿರುಬೆರಳು ಕೂರುವಲ್ಲಿ ನಾನೇ ಕಟ್ಟಿಗೆಯನ್ನು ಗೀರಿದೆ.

ಮರುದಿನ ಅದನ್ನು ತೋರಿಸಿ, ಇಲ್ಲಿ ಚುಚ್ಚುತ್ತದೆ ಅಂದೆ. ಗಂಡ ಮನೆಯಲ್ಲಿರಲಿಲ್ಲ. ಆಕೆ ಹಿಡಿಕೆಯನ್ನು ಬಾಗಿಲ ಬೆಳಕಿಗೆ ಒಯ್ದು, ಉಗುರಿನಿಂದ ಗೀರು ಮುಟ್ಟಿ ನೋಡಿದಳು. ಬಡಗಿಯ ಮನೆಯಾಕೆಗೆ ತಾನಾಗಿ ಸೀಳಿದ ಕಟ್ಟಿಗೆ ಯಾವುದು, ಕೊಯ್ದದ್ದು ಯಾವುದು ಎಂದು ಹೇಳಿಕೊಡಬೇಕೇ? ಮುಖ ನೋಡಲಿಲ್ಲ. ಹಿಡಿಕೆಯನ್ನು ನನ್ನ ಮಡಿಲಲ್ಲಿ ಇಟ್ಟಳು.

"ಕೈ ತೋರಸಾಕ ಬರಬ್ಯಾಡ ತಂಗಿ. ಸುಮ್ಮ ಬಾ."

ಅಷ್ಟು ಮೆತ್ತಗೆ ಹೇಳಿದಳು. ನಾನು ಸಿಟ್ಟಾದೆ. ಸಿಕ್ಕಿಬಿದ್ದವರು ಮಾಡುವುದು ಅದೇ ತಾನೇ? ನಾನು ಸರಕಾರಿ ನೌಕರಿಯವಳು, ನನ್ನನ್ನು ಬಾ ಹೋಗು ಅನ್ನಲು ಇವಳು ಯಾರು ಅಂದುಕೊಂಡೆ. ಖರೇನೇ ಚುಚ್ಚುತ್ತದೆ, ಬೇರೆ ಬಡಗಿಗೆ ತೋರಿಸುತ್ತೇನೆ ಎಂದು ಬಿರುಸಾಗಿ ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಕೆಂಭಾವಿಗೆ ಹೊರಟಿದ್ದ ಪಕ್ಕದ ಮುದುಕಿ, ಯಾಕವ್ವಾ ಅಂತ ಕೇಳಿದಳು. ಕಣ್ಣಿಗೆ ದೂಳು ಅಂದೆ.

ಎರಡು ತಿಂಗಳು ಹೋಗಲಿಲ್ಲ. ಭಾನುವಾರಗಳು ಮೊದಲಿನ ಹಾಗೇ ಆದವು, ಉದ್ದಕ್ಕೆ. ಬಟ್ಟೆ ಒಗೆಯುವುದು ಹತ್ತು ಗಂಟೆಗೆ ಮುಗಿದುಬಿಡುತ್ತಿತ್ತು. ಕಾಲುವೆಯ ದಂಡೆಯ ಮೇಲೆ ಹೋಗಿ ಕೂತು ನೀರು ನೋಡುತ್ತಿದ್ದೆ. ಕೊನೆಗೊಂದು ಭಾನುವಾರ ಇದ್ದಕ್ಕಿದ್ದಂತೆ ಎದ್ದು ಸುರಪುರದ ಬಸ್ಸು ಹತ್ತಿದೆ. ಹಿಡಿಕೆಯನ್ನು ಬೇಕಂತಲೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಓಣಿಯ ತಿರುವಿನವರೆಗೆ ಬಿರಬಿರನೆ ನಡೆದೆ. ಅಲ್ಲಿ ಕಾಲು ನಿಂತವು. ಬಾಗಿಲಿಗೆ ಹೋಗಿ ಏನನ್ನಲಿ? ಏನೂ ಕೆಟ್ಟಿಲ್ಲ, ಏನೂ ಮಾಡಿಸಬೇಕಾಗಿಲ್ಲ, ಹಾಗಾದರೆ ಏಕೆ ಬಂದಿ ಅಂದರೆ? ಅಷ್ಟು ವಯಸ್ಸಿನವಳಿಗೆ ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗುವುದು ಹೇಗೆ ಅಂತ ಗೊತ್ತಿರಲಿಲ್ಲ. ಬಹಳ ಹೊತ್ತು ನಿಂತೆ. ಆಮೇಲೆ ತಿರುಗಿ ಸ್ಟ್ಯಾಂಡಿಗೆ ಬಂದೆ.

ಅದಾಗಿ ಹತ್ತು ದಿನಕ್ಕೋ ಏನೋ, ಬಡಗಿ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಶಹಾಪುರಕ್ಕೆ ಕಟ್ಟಿಗೆ ಕೊಳ್ಳಲು ಬಂದವನು ಹಾಗೇ ಬಂದೆ ಅಂದ. ಹಿಡಿಕೆಯನ್ನು ನೋಡಿದ, ಗೀರಿನ ಮೇಲೆ ಒಂದು ಸಲ ಬೆರಳಾಡಿಸಿದ. ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದ.

"ಅವತ್ತ ನಮ್ಮಾಕಿ ನಿಮ್ಮನ್ನ ಓಣ್ಯಾಗ ನೋಡ್ಯಾಳಂತ್ರಿ. ಬರಾಕತ್ತೀರಿ ಅಂತ ಚಾಕ್ಕ ಇಟ್ಟಾಳ. ಹೊರಗ ಬಂದು ನೋಡೂದ್ರಾಗ ನೀವು ಇರಲಿಲ್ಲಂತ."

ಬೇರೆ ಕೆಲಸಕ್ಕೆ ಬಂದಿದ್ದೆ ಅಂದೆ. ಹೌದೇನ್ರಿ ಅಂದು ಹೋದ.

ಅವನು ಹೋದ ಮೇಲೆ ನನ್ನಿಂದ ಒಂದು ಹೊಲವನ್ನೂ ಬರೆಯಲಾಗಲಿಲ್ಲ. ನಾನು ಬಾಗಿಲಿಗೆ ಬಂದು ಏನನ್ನುವುದೆಂದು ತಿಣುಕುತ್ತಿದ್ದಾಗ ಒಳಗೆ ನನಗೆಂದು ಚಹಾ ಕುದಿಯುತ್ತಿತ್ತು. ಆಕೆಗೆ ನನ್ನಿಂದ ಯಾವ ಕಾರಣವೂ ಬೇಕಿರಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟು, ಅಷ್ಟು ಸಿಟ್ಟು ನಾನು ಸಿಪಾಯಿಯ ಮೇಲೂ ಮಾಡಿಕೊಂಡಿರಲಿಲ್ಲ. ಭಾನುವಾರದ ತನಕ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ರಜೆ ಬರೆದು ಕೊಟ್ಟು ಬಸ್ಸು ಹತ್ತಿದೆ.

ಆಕೆ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಕಂಡು ಪೊರಕೆ ಬದಿಗಿಟ್ಟಳು. ಯಾಕೆ ಬರಲಿಲ್ಲ, ಯಾಕೆ ಬಂದಿ, ಒಂದನ್ನೂ ಕೇಳಲಿಲ್ಲ. ಕೈ ಹೇಗಿದೆ ಎಂದು ಮಾತ್ರ ಕೇಳಿದಳು.

"ಕೈ ಅರಾಮ ಅದ" ಅಂದೆ. ಇನ್ನೂ ಏನೋ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ. "ನಾನ ಅರಾಮಿಲ್ಲ."

"ಒಳಗ ಬಾ" ಅಂದಳು.